ಇನ್ನೊಂದು ಆಚಮನ

ನಮ್ಮ ಪುರೋಹಿತರ ಬಲ ಅಂಗೈ ಸೌಟಿನಷ್ಟು ಆಳವಾಗಿತ್ತು. ಆಚಮನಕ್ಕೆ ಉದ್ದಿನಕಾಳು ಮುಳುಗುವಷ್ಟು ನೀರು ಸಾಕು ಎಂದು ಬೇರೆ ಪುರೋಹಿತರು ಹೇಳುತ್ತಿದ್ದರು. ಇವರ ಅಂಗೈಯಲ್ಲಿ ಒಂದು ಹಿಡಿ ಉದ್ದು ನೆನೆಹಾಕಬಹುದಿತ್ತು. ಉದ್ಧರಣೆಯಿಂದ ಮತ್ತೆ ಮತ್ತೆ ನೀರು ಬಿಟ್ಟುಕೊಂಡು, ಕಣ್ಣು ಮುಚ್ಚಿ, ಸುರ್ರೆಂದು ಎಳೆದುಕೊಂಡರೆ ಗಂಟಲಿನ ಗಂಟು ಮೇಲೆ ಹೋಗಿ ಕೆಳಗೆ ಬರುವುದು ಎದುರು ಕೂತವರಿಗೆಲ್ಲ ಕಾಣುತ್ತಿತ್ತು. ಆಮೇಲೆ ಮುಖದ ಮೇಲೆ ಎಂಥ ಸಮಾಧಾನ! ದೇವರೇ ಎದ್ದು ಬಂದು ಎದುರು ಕೂತಿದ್ದರೂ ಅಷ್ಟು ಸಮಾಧಾನ ಆಗುತ್ತಿತ್ತೋ ಇಲ್ಲವೋ.

ಬೇರೆಯವರು ಮಾಡಿಸುವ ಪೂಜೆಯಲ್ಲಿ ಆಚಮನ ಶುರುವಿಗೊಮ್ಮೆ, ನಡುವೆ ಬೇಕಾದಲ್ಲಿ ಒಮ್ಮೆ. ಇವರದು ಹಾಗಲ್ಲ. ಸಂಕಲ್ಪ ಮುಗಿಯಿತು, ಆಚಮನ. ಗಣಪತಿ ಪೂಜೆ ಆಯಿತು, ಆಚಮನ. ಕಲಶಕ್ಕೆ ಅಕ್ಷತೆ ಬಿದ್ದರೂ ಆಚಮನ. "ಎಲ್ರೂ ಇನ್ನೊಂದು ಆಚಮನ ಮಾಡ್ಬಿಡಿ" ಎನ್ನುವುದು ಅವರ ಬಾಯಿಂದ ಮಂತ್ರದಷ್ಟೇ ಸಲೀಸಾಗಿ ಬರುತ್ತಿತ್ತು. ಮನೆಯವರು ಇಟ್ಟ ಪುಟ್ಟ ಪಂಚಪಾತ್ರೆ ಅವರಿಗೆ ಎಲ್ಲಿಗೂ ಸಾಲದು. ಚೀಲದಿಂದ ತಮ್ಮದೇ ತಾಮ್ರದ ಪಾತ್ರೆ ತೆಗೆದು ತುಂಬಿಸಿಕೊಳ್ಳುತ್ತಿದ್ದರು. "ಇವರ ಪೂಜೆಗೆ ಕೂತ್ರೆ ಪ್ರಸಾದಕ್ಕೆ ಹೊಟ್ಟೇಲಿ ಜಾಗ ಇರಲ್ಲ ಮಾರಾಯ್ತಿ" ಎಂದು ಅಪ್ಪ ಅಮ್ಮನ ಹತ್ತಿರ ಗೊಣಗುತ್ತಿದ್ದರು. ಆದರೆ ಶಿವಮೊಗ್ಗದ ಗೋಪಾಳದ ನಮ್ಮ ಬೀದಿಯಲ್ಲಿ ಅವರಿಗೆ ಹೆಸರು ಬಂದಿದ್ದೇ ಇದರಿಂದ. ಭಟ್ಟರು ಬಲು ಕಟ್ಟುನಿಟ್ಟು, ಒಂದು ಕ್ರಮವನ್ನೂ ಬಿಡುವವರಲ್ಲ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

ಅವರು ಹೊಳಲೂರಿನ ಕಡೆಯವರು. ಪಂಚೆ ಎತ್ತಿಕಟ್ಟಿ, ಶಲ್ಯ ಚಕ್ರಕ್ಕೆ ಸಿಕ್ಕದ ಹಾಗೆ ಸೊಂಟಕ್ಕೆ ಬಿಗಿದು, ಮೊಪೆಡ್ಡಿನ ಮೇಲೆ ಬಂದರೆಂದರೆ ಬೀದಿಯ ನಾಯಿಗಳೂ ಬಾಲ ಅಲ್ಲಾಡಿಸುತ್ತಿದ್ದವು. ದುಂಡು ಹೊಟ್ಟೆ. ಯಾರಾದರೂ ಅದನ್ನು ಆಡಿಕೊಂಡರೆ, "ಇದ್ರಲ್ಲಿ ಅರ್ಧ ನಿಮ್ಮನೆ ಹೋಳಿಗೇದು. ಇನ್ನರ್ಧ ಯಾರದ್ದು ಅಂತ ಕೇಳ್ಬೇಡಿ" ಎಂದು ಮೊದಲು ತಾವೇ ನಕ್ಕುಬಿಡುತ್ತಿದ್ದರು. ಊಟದ ಕೊನೆಗೆ ಎಲ್ಲರೂ ಮೊಸರಿಗೆ ಕಾದರೆ ಇವರು ಪರಂಗಿಹಣ್ಣು ಕೇಳುವರು. ಪೂಜೆ ಮುಗಿದ ಮೇಲೂ ತಟ್ಟನೆ ಏಳುತ್ತಿರಲಿಲ್ಲ. ಕೂತಲ್ಲೇ ಇನ್ನೊಂದು ಶಾಂತಿಮಂತ್ರ ಹೇಳಿ, ಗೋಡೆಗೆ ಕೈಕೊಟ್ಟು ನಿಧಾನಕ್ಕೆ ಏಳುವರು. ಅದನ್ನೂ ನಾವು ಭಕ್ತಿಯ ಲೆಕ್ಕಕ್ಕೇ ಹಾಕಿದ್ದೆವು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಭದ್ರಾವತಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದೆ. ದಿನವೂ ಶಿವಮೊಗ್ಗದಿಂದ ಬಸ್ಸಿನಲ್ಲಿ ಓಡಾಟ. ಆ ವರ್ಷ ನನಗೆ ಏನೋ ಆಯಿತು. ಮನೆಯಲ್ಲಿ ಯಾರೂ ಸತ್ತಿರಲಿಲ್ಲ, ಯಾವ ಪ್ರೇಮವೂ ಮುರಿದುಬಿದ್ದಿರಲಿಲ್ಲ. ಬೆಳಿಗ್ಗೆ ಏಳುವುದೇ ಬೇಡವೆನಿಸತೊಡಗಿತು. ತಲೆ ಬಾಚಿಕೊಳ್ಳಲು ಕೈ ಎತ್ತಿದರೆ ಅಳು ಬರುತ್ತಿತ್ತು. ಮಕ್ಕಳು ಬರೆದ ಪ್ರಬಂಧ ಓದುತ್ತಿದ್ದರೆ ಅಕ್ಷರ ಕಾಣುತ್ತಿತ್ತು, ಅರ್ಥ ಹತ್ತುತ್ತಿರಲಿಲ್ಲ. ಕೊನೆಗೆ ಅಪ್ಪನೇ ಶಿವಮೊಗ್ಗದ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಇದು ಖಿನ್ನತೆ, ವಾಸಿಯಾಗುತ್ತದೆ, ಆದರೆ ಮಾತ್ರೆ ಹಿಡಿಯಲು ಕೆಲವು ವಾರ ಬೇಕು, ಅಲ್ಲಿಯವರೆಗೆ ತಾಳ್ಮೆ ಇರಲಿ ಎಂದು ಡಾಕ್ಟರು ಹೇಳಿದರು.

ತಾಳ್ಮೆಯೊಂದನ್ನು ಬಿಟ್ಟು ಬೇರೆ ಎಲ್ಲವೂ ನನಗೆ ಬಂತು. ಬಸ್ಸಿನಲ್ಲಿ ಕೂತರೆ ತೂಕಡಿಕೆ, "ಟೀಚರಮ್ಮ, ಏಳಿ, ನಿಮ್ ಸ್ಟಾಪು!" ಎಂದು ಕಂಡಕ್ಟರು ದಿನವೂ ಕೂಗಿ ಎಬ್ಬಿಸಬೇಕಾಯಿತು. ಕುರ್ಚಿಯಿಂದ ಎದ್ದರೆ ತಲೆ ಗಿರ್ರೆನ್ನುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ನಾಲಿಗೆ. ಹಳಗನ್ನಡ ಪದ್ಯ ಹೇಳಹೊರಟರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಅರ್ಧ ಪದ ಒಳಗೇ ಉಳಿಯುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗುವುದು ಕೇಳಿಸಿತು. ಮಾತೇ ನನ್ನ ಹೊಟ್ಟೆಪಾಡು. ಮಾತು ಬಾರದ ಟೀಚರನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಮ್ಮನಿಗೆ ಬೇರೆಯೇ ಚಿಂತೆ. ನನಗೆ ಗಂಡು ನೋಡುತ್ತಿದ್ದ ಕಾಲ. "ಯಾರಾದ್ರೂ ಕೇಳಿದ್ರೆ ಗ್ಯಾಸ್ಟ್ರಿಕ್ ಮಾತ್ರೆ ಅನ್ನು" ಎಂದು ಹೇಳಿಕೊಟ್ಟಿದ್ದಳು. ಮದುವೆಯೂ ಬೇಡ ಮಾತ್ರೆಯೂ ಬೇಡ, ನಾಳೆಯಿಂದ ನಿಲ್ಲಿಸಿಬಿಡುತ್ತೇನೆ ಎಂದು ನಾನು ಒಳಗೊಳಗೇ ತೀರ್ಮಾನ ಮಾಡಿದೆ.

ಮರುದಿನ ಭಾನುವಾರ. ಮಗಳು ಸುಧಾರಿಸಲಿ ಎಂದು ಅಮ್ಮ ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದಳು. ಕಾರಣವನ್ನು ಭಟ್ಟರಿಗೆ ಹೇಳಿರಲಿಲ್ಲ. ಅಪ್ಪ ಅಮ್ಮ ಪೂಜೆಗೆ ಕೂತರು. ಕಥೆಯ ಹೊತ್ತಿಗೆ ಭಟ್ಟರು ಪುಸ್ತಕವನ್ನು ನನ್ನ ಕೈಗೆ ಕೊಟ್ಟು, "ಕನ್ನಡ ಟೀಚರು ಮನೇಲಿರುವಾಗ ನಾನ್ಯಾಕೆ ಓದ್ಬೇಕು? ಓದಮ್ಮ" ಎಂದರು. ಒಂದು ಪುಟ ಓದುವಷ್ಟರಲ್ಲಿ ನಾಲಿಗೆ ನಿಂತಿತು. ತುಟಿ ಸವರಿಕೊಂಡೆ. ಮತ್ತೆ ಶುರು ಮಾಡಿದೆ, ಮತ್ತೆ ನಿಂತಿತು. ಅಕ್ಕಪಕ್ಕದ ಮನೆಯ ಹೆಂಗಸರು ಮುಖ ಮುಖ ನೋಡಿಕೊಂಡರು. ಅಮ್ಮನ ಮುಖ ಬಿಳಿಚಿಕೊಂಡಿತು.

ಭಟ್ಟರು ತಲೆ ಎತ್ತಿ ನನ್ನನ್ನೇ ನೋಡಿದರು. ಆಮೇಲೆ ಜೋರಾಗಿ, "ಎಲ್ರೂ ಇನ್ನೊಂದು ಆಚಮನ ಮಾಡ್ಬಿಡಿ" ಎಂದರು.

"ಕಥೆ ಮಧ್ಯದಲ್ಲಾ?" ಎಂದು ಅಪ್ಪ ಕೇಳಿಯೇಬಿಟ್ಟರು.

"ಕಥೆ ಮಧ್ಯದಲ್ಲೇ. ಓದೋರಿಗೂ ಕೊಡಿ" ಎಂದು ತಮ್ಮ ತಾಮ್ರದ ಪಾತ್ರೆಯನ್ನು ನನ್ನ ಕಡೆಗೆ ತಳ್ಳಿದರು. ಕೂತವರೆಲ್ಲ ವಿಧೇಯರಾಗಿ ನೀರು ಕುಡಿದರು. ನಾನೂ ಕುಡಿದೆ. ಅಧ್ಯಾಯಕ್ಕೊಂದು ಆಚಮನದಂತೆ ಕಥೆ ಮುಗಿಯಿತು.

ಊಟವಾದ ಮೇಲೆ ಜನ ಚದುರಿದರು. ಭಟ್ಟರು ಪಡಸಾಲೆಯ ಗೋಡೆಗೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತ ನನ್ನನ್ನು ಕರೆದರು.

"ಶುರು ಮಾಡಿ ಎಷ್ಟು ದಿನ ಆಯ್ತು?"

"ಏನು ಭಟ್ರೇ?"

"ಮಾತ್ರೆ."

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಕಲ್ಲಾಗಿ ನಿಂತಿದ್ದಳು. "ಗ್ಯಾಸ್ಟ್ರಿಕ್ಕು..." ಎಂದೆ.

"ಗ್ಯಾಸ್ಟ್ರಿಕ್ಕು ನನಗೂ ಇದೆ, ಅದು ನಾಲಿಗೆ ತನಕ ಬರಲ್ಲ" ಎಂದು ತಮ್ಮ ಎಲೆಅಡಿಕೆ ಸಂಚಿಯ ಒಳಜೇಬಿನಿಂದ ಒಂದು ಮಾತ್ರೆಯ ಪಟ್ಟಿ ತೆಗೆದು ನನ್ನ ಮುಂದೆ ಹಿಡಿದರು. ಬಣ್ಣ ನೋಡಿದ ಕೂಡಲೇ ಗೊತ್ತಾಯಿತು. ನನ್ನ ಮಾತ್ರೆಯೇ.

ಆಮೇಲೆ ಅವರು ಹೇಳಿದ್ದನ್ನು ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ವರ್ಷಗಳ ಹಿಂದೆ ಒಂದು ಮದುವೆಯ ಮನೆಯಲ್ಲಿ, ಮಂಗಳಾಷ್ಟಕದ ನಡುವೆ ಅವರ ಬಾಯಿಂದ ಮಂತ್ರ ನಿಂತುಹೋಯಿತಂತೆ. ಮರೆತದ್ದಲ್ಲ, ಹೇಳಿ ಏನಾಗಬೇಕು ಎನಿಸಿತಂತೆ. ಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ತಿಂಗಳುಗಟ್ಟಲೆ ಏಳಲಿಲ್ಲ. ಗ್ರಹಶಾಂತಿ ಮಾಡಿಸೋಣ ಎಂದು ನೆಂಟರು ಹೇಳಿದರೆ ಅವರ ಹೆಂಡತಿ, "ಶಾಂತಿ ಮಾಡಿಸೋ ಭಟ್ರೇ ಮಲಗಿದಾರಲ್ಲ, ಮೊದಲು ಡಾಕ್ಟರ್ ನೋಡ್ಲಿ" ಎಂದು ಆಟೋ ಕರೆಸಿದರಂತೆ.

"ಹುಷಾರಾದೆ. ಹುಷಾರಾದೆ ಅಂತ ನಾನೇ ಬುದ್ಧಿವಂತಿಕೆ ಮಾಡಿ ಮಾತ್ರೆ ಬಿಟ್ಟೆ. ಮತ್ತೆ ಬಿದ್ದೆ. ಇನ್ನೊಂದ್ಸಲ ಬಿಟ್ಟೆ, ಇನ್ನೊಂದ್ಸಲ ಬಿದ್ದೆ. ಆಮೇಲೆ ಡಾಕ್ಟರ್ ಹತ್ರ ಹೋಗಿ ಇದು ನನ್ನ ಸಂಸಾರ, ಹೊಂದ್ಕೊಂಡು ಹೋಗೋ ದಾರಿ ಹೇಳಿ ಅಂದೆ. ಈ ಹೊಟ್ಟೇಲಿ ಇನ್ನರ್ಧ ಯಾರದ್ದು ಅಂತ ಈಗ ತಿಳೀತಾ?"

ನನಗೆ ನಗು ಬಂತು. ಎಷ್ಟೋ ವಾರಗಳ ಮೇಲೆ ಬಂದ ನಗು. ನನ್ನದೇ ದನಿ ನನಗೆ ಹೊಸದಾಗಿ ಕೇಳಿಸಿತು. "ಮತ್ತೆ ಪರಂಗಿಹಣ್ಣು?" ಎಂದೆ.

"ಅದನ್ನ ಹೆಣ್ಮಗಳ ಹತ್ರ ಬಿಡಿಸಿ ಹೇಳಕ್ಕಾಗಲ್ಲ. ನೀನೂ ತಿನ್ನು, ನಾಳೆ ಬೆಳಿಗ್ಗೆ ಅರ್ಥ ಆಗುತ್ತೆ."

ಅವರು ಗೋಡೆ ಹಿಡಿದು ನಿಧಾನಕ್ಕೆ ಏಳುವುದು ತಲೆ ಸುತ್ತಬಾರದೆಂದು. ಮುಂಜಾನೆಯ ಮುಹೂರ್ತವಿದ್ದರೆ ಹಿಂದಿನ ರಾತ್ರಿ ಮಾತ್ರೆ ಬೇಗ ನುಂಗಿ ಬೇಗ ಮಲಗುವುದು, ಅದೂ ಡಾಕ್ಟರನ್ನು ಕೇಳಿಯೇ. ಇನ್ನು ಆಚಮನದ ಗುಟ್ಟು.

"ಮಂತ್ರ ಹೇಳೋ ನಾಲಿಗೆ ಒಣಗಿದ್ರೆ ನಾನು ಏನು ಮಾಡ್ಲಿ? ಪಕ್ಕದಲ್ಲಿ ಚೊಂಬು ಇಟ್ಕೊಂಡು ಗಟಗಟ ಕುಡಿದ್ರೆ ಭಟ್ರಿಗೆ ಏನೋ ಕಾಯಿಲೆ ಅಂತಾರೆ. ನೋಡು ಮಗಳೇ, ಒಬ್ಬರೇ ನೀರು ಕುಡಿದ್ರೆ ಕಾಯಿಲೆ. ಎಲ್ಲರಿಗೂ ಕುಡಿಸಿದ್ರೆ ಪದ್ಧತಿ."

ನನ್ನ ತೀರ್ಮಾನವನ್ನು ಅವರಿಗೆ ಹೇಳಿದೆ. ಇವತ್ತಿನಿಂದ ಬೇಡ ಎಂದುಕೊಂಡಿದ್ದೇನೆ ಎಂದೆ. ಅವರು ಸುಣ್ಣದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟರು. "ಬಿಡೋದು ನಿನ್ನ ಕೈಲಿಲ್ಲ, ನನ್ನ ಕೈಲೂ ಇಲ್ಲ. ನಾಳೆ ಡಾಕ್ಟರ್ ಹತ್ರ ಹೋಗು. ನಾಲಿಗೆ ಒಣಗುತ್ತೆ, ನಿಂತು ಪಾಠ ಮಾಡ್ಬೇಕು, ಬಸ್ಸಲ್ಲಿ ನಿದ್ದೆ ಬರುತ್ತೆ ಅಂತ ಬಾಯಿಬಿಟ್ಟು ಹೇಳು. ನೀನು ಹೇಳದೆ ಗೊತ್ತಾಗಕ್ಕೆ ಅವರೇನು ಜ್ಯೋತಿಷ್ಯ ಕಲ್ತಿದಾರಾ?"

ಅಷ್ಟರಲ್ಲಿ ಅಮ್ಮ ಬಾಗಿಲು ಬಿಟ್ಟು ಈಚೆ ಬಂದಿದ್ದಳು. ಸೆರಗು ಹಿಂಡುತ್ತ, "ಭಟ್ರೇ, ಏಕಾದಶಿ ದಿನ ಇವಳು ಉಪವಾಸ. ಬರೀ ಹೊಟ್ಟೇಲಿ ಬೇಡ ಅಂತ ಮಾತ್ರೆ ಬಿಟ್ಟಿದ್ಲು" ಎಂದಳು.

"ಔಷಧಿಯಿಂದ ವ್ರತ ಕೆಡಲ್ಲ ಅಂತ ಶಾಸ್ತ್ರದಲ್ಲೇ ಇದೆಯಮ್ಮ. ಬೇಕಾದ್ರೆ ಉಪವಾಸ ಬಿಡ್ಲಿ. ಅವಳ ಪಾಲಿಂದು ನಾನು ಮಾಡ್ತೀನಿ, ಈ ಹೊಟ್ಟೆಗೂ ಒಳ್ಳೇದು."

ಡಾಕ್ಟರು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಪ್ರಮಾಣವನ್ನೂ ಹೊತ್ತನ್ನೂ ಬದಲಿಸಿದರು. ಕಂಡಕ್ಟರಿಗೆ ನನ್ನನ್ನು ಎಬ್ಬಿಸುವ ಕೆಲಸ ತಪ್ಪಿತು. ನಾಲಿಗೆ ಮಾತ್ರ ಪೂರ್ತಿ ಸರಿಹೋಗಲಿಲ್ಲ. ಆದ್ದರಿಂದ ತರಗತಿಯಲ್ಲಿ ನಾನೊಂದು ಪದ್ಧತಿ ಶುರು ಮಾಡಿದೆ. ಪದ್ಯದ ನಡುವೆ ಪುಸ್ತಕ ಮಡಚಿ, "ಎಲ್ಲರೂ ನೀರಿನ ಬಾಟ್ಲಿ ತೆಗೀರಿ" ಎನ್ನುವುದು. ಇಡೀ ತರಗತಿ ಕುಡಿಯುವುದು, ಜೊತೆಗೆ ನಾನೂ. ಕಾರ್ಖಾನೆಯ ಕ್ವಾರ್ಟರ್ಸಿನಿಂದ ಬರುತ್ತಿದ್ದ ತಮಿಳು ಮಕ್ಕಳು ಇದಕ್ಕೆ 'ತಣ್ಣಿ ಟೈಮು', ಅಂದರೆ ನೀರಿನ ಟೈಮು, ಎಂದು ಹೆಸರಿಟ್ಟರು. ಮಕ್ಕಳ ಆರೋಗ್ಯದ ಬಗ್ಗೆ ಎಷ್ಟು ಕಾಳಜಿ ಎಂದು ಹೆಡ್‌ಮಾಸ್ಟರು ನನ್ನನ್ನು ಹೊಗಳಿದರು. ಭಟ್ಟರಿಗೆ ಹೇಳಿದಾಗ ಶಲ್ಯದಲ್ಲಿ ಮುಖ ಒತ್ತಿಕೊಂಡು ನಕ್ಕರು. ಕೆಲವು ವಾರಗಳಲ್ಲಿ ಬೆಳಗು ಬೆಳಗಿನ ಹಾಗೇ ಕಾಣತೊಡಗಿತು.

ಮದುವೆಯ ಮಾತು ಮತ್ತೆ ಎದ್ದಾಗ ಭಟ್ಟರು ಅಮ್ಮನಿಗೆ ನೇರವಾಗಿ, "ಹೇಳಿಯೇ ಮಾಡೋಣ. ಮುಚ್ಚಿಟ್ಟು ಮಾಡಿದ್ರೆ ಇವಳು ಆ ಮನೇಲಿ ಕದ್ದು ನುಂಗ್ಬೇಕಾಗುತ್ತೆ" ಎಂದರು. ಮೊದಲು ಬಂದವರಿಗೆ ಹೇಳಿದೆವು. ಅವರು ಕಾಫಿ ಲೋಟ ಕೆಳಗಿಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಅಮ್ಮ ಅತ್ತಳು. ಭಟ್ಟರು ಮಾತ್ರ ಅವರು ಬಿಟ್ಟುಹೋದ ಕೇಸರಿಬಾತಿನ ತಟ್ಟೆಗಳನ್ನು ಒಂದೊಂದಾಗಿ ತಮ್ಮ ಕಡೆ ಎಳೆದುಕೊಂಡು, "ಹೋಗ್ಲಿ ಬಿಡಿ, ಇಂಥೋರ ಜೊತೆ ಏಗೋದಕ್ಕೆ ಇನ್ನೂ ದೊಡ್ಡ ಮಾತ್ರೆ ಬೇಕಾಗ್ತಿತ್ತು" ಎಂದರು. ಅಮ್ಮ ಅಳುತ್ತಲೇ ನಕ್ಕಳು.

ಎರಡನೆಯವರು ನವುಲೆಯಿಂದ ಬಂದರು. ಹುಡುಗನಿಗೆ ಕೃಷಿ ಕಾಲೇಜಿನಲ್ಲಿ ಕೆಲಸ. ಭಟ್ಟರು ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ನನ್ನದನ್ನೂ ತಮ್ಮದನ್ನೂ ಹೇಳಿದರು. ಅವನು ಕೇಳಿದ್ದು ಒಂದೇ ಪ್ರಶ್ನೆಯಂತೆ: "ಪ್ರವಾಸ ಹೋದಾಗ ಮಾತ್ರೆ ಮರ್ತುಬಂದ್ರೆ ಏನ್ಮಾಡ್ಬೇಕು?" ಭಟ್ಟರು ಒಳಗೆ ಬಂದವರೇ, "ಈ ಹುಡುಗ ಆಗ್ತಾನೆ. ಜಾತಕ ಆಮೇಲೆ ನೋಡೋಣ" ಎಂದರು.

ಮದುವೆಯ ದಿನ ಹೋಮದ ಹೊಗೆಗೆ ನನ್ನ ಬಾಯಿ ಮರಳುಗಾಡಾಗಿತ್ತು. "ವಧುವೂ ಇನ್ನೊಂದು ಆಚಮನ ಮಾಡ್ಲಿ" ಎಂದರು ಭಟ್ಟರು. ಗಂಡಿನ ಕಡೆಯ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು, "ಹೆಣ್ಮಕ್ಕಳಿಗೆ ಇಷ್ಟೊಂದು ಆಚಮನ ಎಲ್ಲಿದೆ ಭಟ್ರೇ?" ಎಂದು ಕೇಳಿದರು. "ನಮ್ಮಲ್ಲಿದೆ" ಎಂದು ಇವರು ಮುಂದಿನ ಮಂತ್ರಕ್ಕೆ ಹೋದರು. ನನ್ನ ಪಕ್ಕದಲ್ಲಿದ್ದವನು ಬಾಸಿಂಗದ ಕೆಳಗೇ ನಗುತ್ತಿದ್ದ.

ಭಟ್ಟರು ಹೋದದ್ದು ಕೆಲವು ವರ್ಷಗಳ ಮೇಲೆ. ಮಧ್ಯಾಹ್ನ ಮನೆಯಲ್ಲೇ ಊಟ ಮಾಡಿ ಒರಗಿದವರು ಏಳಲಿಲ್ಲ. ನಾನು ಹೋದಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಪರಂಗಿಹಣ್ಣು ಹೆಚ್ಚಿಟ್ಟಿದ್ದೆ ಕಣೇ, ಎದ್ದಮೇಲೆ ತಿಂತೀನಿ ಅಂದಿದ್ರು" ಎಂದರು. ಆ ಮನೆಯಲ್ಲಿ ಅಳುವುದೋ ನಗುವುದೋ ತಿಳಿಯದೆ ನಾವಿಬ್ಬರೂ ಎರಡನ್ನೂ ಮಾಡಿದೆವು.

ಅದಾದ ಮೇಲೆ ನವುಲೆಯ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡೆವು. ಭಟ್ಟರ ಶಿಷ್ಯರೊಬ್ಬರು ಬಂದರು. ಗಟ್ಟಿಮುಟ್ಟಾದ ತರುಣ, ಕಂಚಿನ ಕಂಠ. ಚೀಲದಿಂದ ತೆಗೆದಿಟ್ಟದ್ದು ಗುರುಗಳ ಅದೇ ದೊಡ್ಡ ತಾಮ್ರದ ಪಾತ್ರೆ. ಸಂಕಲ್ಪ ಆಯಿತು, ಆಚಮನ. ಗಣಪತಿ ಪೂಜೆ ಆಯಿತು, ಆಚಮನ. ಕಲಶಕ್ಕೆ ಅಕ್ಷತೆ ಬಿತ್ತು. "ಎಲ್ರೂ ಇನ್ನೊಂದು ಆಚಮನ ಮಾಡ್ಬಿಡಿ" ಎಂದರು, ಅದೇ ರಾಗದಲ್ಲಿ. ನನ್ನ ಗಂಡ ಮೆಲ್ಲಗೆ ನನ್ನ ಕಡೆ ನೋಡಿದರು.

ನಮ್ಮ ಪುಟ್ಟ ಮಗಳಿಗೆ ತಡೆಯಲಾಗಲಿಲ್ಲ. "ಎಷ್ಟು ಸಲ ನೀರು ಕುಡೀಬೇಕು?" ಎಂದು ಕೇಳಿಯೇಬಿಟ್ಟಳು.

"ನಮ್ಮ ಗುರುಗಳ ಪದ್ಧತಿ ಪುಟ್ಟೀ" ಎಂದರು ಅವರು ಗಂಭೀರವಾಗಿ. "ಬೇರೆ ಕಡೆ ಎಲ್ಲ ಬಿಟ್ಟುಬಿಟ್ಟಿದಾರೆ. ನಾವು ಬಿಡಲ್ಲ."

ಅವರ ನಾಲಿಗೆ ಒಣಗಿರಲಿಲ್ಲ. ನನ್ನದೂ ಒಣಗಿರಲಿಲ್ಲ, ಡಾಕ್ಟರೇ ಹಂತಹಂತವಾಗಿ ಇಳಿಸಿ ನನ್ನ ಮಾತ್ರೆ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಶಿಷ್ಯರು ನನ್ನ ಅಂಗೈಗೆ ಒಂದು ಉದ್ಧರಣೆ ನೀರು ಬಿಟ್ಟರು. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ. "ಇನ್ನೂ ಸ್ವಲ್ಪ ಹಾಕಿ" ಎಂದೆ. ಅವರು ಹಾಕಿದರು. ಬೆರಳು ಒತ್ತಿ, ಅಂಗೈಯನ್ನು ಆದಷ್ಟು ಆಳ ಮಾಡಿಕೊಂಡು, ಭಟ್ಟರು ಕುಡಿಯುತ್ತಿದ್ದಷ್ಟೇ ನೀರನ್ನು ಸುರ್ರೆಂದು ಕುಡಿದೆ.