ತಕ್ಕಡಿಯ ಮುಂದೆ ಅವಳಿಗಳು

ಹೆಗ್ಗದ್ದೆಯ ನಮ್ಮ ತೋಟದಲ್ಲಿ ಸಂಜೆ ಕಾಫಿ ಹಣ್ಣು ತೂಗಿಸಲು ನಿಂತಿದ್ದ ಹೆಂಗಸರ ಸಾಲಿನ ಕೊನೆಯಲ್ಲಿ ನನ್ನ ಎರಡೂವರೆ ವರ್ಷದ ಅವಳಿಗಳೂ ನಿಂತುಬಿಟ್ಟಿದ್ದರು! ಒಂದು ಗಳಿಗೆ ನಿಂತಲ್ಲಿ ನಿಲ್ಲದ ಈ ಪುಂಡರು ಥೀಮ್ ಪಾರ್ಕಿನ ಕ್ಯೂನಲ್ಲಿ ನಿಂತಾರೆಯೇ, ಪ್ರವಾಸವೇ ಬೇಡ ಎಂದು ಬೆಳಿಗ್ಗೆಯಷ್ಟೇ ಹಣ್ಣು ಕೊಯ್ಯುವ ಲಕ್ಷ್ಮಕ್ಕನ ಬಳಿ ಗೊಣಗಿದ್ದೆ.

ಅವರ ಸರದಿ ಬಂದಾಗ, ಹಣ್ಣು ತೂಗುತ್ತಿದ್ದ ನನ್ನ ಗಂಡ ಒಬ್ಬೊಬ್ಬರನ್ನೇ ಖಾಲಿ ಚೀಲದಲ್ಲಿ ಕೂರಿಸಿ, ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಮೆಲ್ಲಗೆ ತೂಗಿದರು. ಕೇಕೆ ಹಾಕುತ್ತ ಇಳಿದವರೇ ಇಬ್ಬರೂ ಮತ್ತೆ ಸಾಲಿನ ಕೊನೆಗೆ ಓಡಿದರು!

“ನೋಡ್ರಮ್ಮ, ನಮ್ಗಿಂತ ನಿಯತ್ತಾಗಿ ನಿಂತವೆ. ಧೈರ್ಯವಾಗಿ ಕರ್ಕೊಂಡೋಗಿ ಕಣ್ರೀ,” ಎಂದು ಲಕ್ಷ್ಮಕ್ಕ ನಕ್ಕರು.

ಅಂದೇ ಟಿಕೆಟ್ ಬುಕ್ ಮಾಡಿದೆವು. ಈಗ ‘ಪಾರ್ಕಿಗೆ ಹೋಗೋಣ್ವಾ?’ ಎಂದರೆ ಸಾಕು, ಇಬ್ಬರೂ ಖಾಲಿ ಚೀಲ ಎಳೆದುಕೊಂಡು ಬರುತ್ತಾರೆ.