ಬಲ್ಲವರ ಹೆಸರು

ಕ್ಯಾಲಿಫೋರ್ನಿಯಾದ ನಮ್ಮ ಬೇ ಏರಿಯಾದ ಕನ್ನಡದವರಿಗೆ ಒಂದು ಚಟವಿದೆ. ಯಾರದಾದರೂ ಮನೆಯಲ್ಲಿ ಪೂಜೆಯ ಊಟ ಮುಗಿಸಿ ಕೈ ತೊಳೆದ ಮೇಲೆ ಭುವನೇಶ್ವರಿಯನ್ನು ಮೂಲೆಗೆ ಕರೆದು, ‘ಒಂದು ಸಣ್ಣ ಡೌಟು’ ಎನ್ನುವುದು. ವಿಲ್ ಬರೆಸಬೇಕು, ಅಪಾರ್ಟ್‌ಮೆಂಟಿನವನು ಡಿಪಾಸಿಟ್ಟು ಕೊಡುತ್ತಿಲ್ಲ, ತಮ್ಮನ ವೀಸಾ ಸಿಕ್ಕಿಹಾಕಿಕೊಂಡಿದೆ. ‘ನನಗ ಇಲ್ಲಿ ಲೈಸೆನ್ಸ್ ಇಲ್ರಿ, ಸಲಹಾ ಕೊಟ್ರ ತಪ್ಪಾಗ್ತದ’ ಎಂದು ಅವಳು ಪ್ರತಿ ಸಲವೂ ಹೇಳಿ, ಯಾವ ಬಗೆಯ ವಕೀಲರನ್ನು ಹುಡುಕಬೇಕೆಂದಷ್ಟೇ ತಿಳಿಸುತ್ತಿದ್ದಳು. ಕೇಳಿದವರು ಥ್ಯಾಂಕ್ಸ್ ಹೇಳಿ ಗುಂಪಿಗೆ ಮರಳುತ್ತಿದ್ದರು. ಅವಳು ಹೇಗಿದ್ದಾಳೆಂದು ಕೇಳಲು ಈ ಮಹನೀಯರಿಗೆ ಪುರುಸೊತ್ತಿರಲಿಲ್ಲ.

ಗದಗಿನವಳು. ಹುಬ್ಬಳ್ಳಿಯಲ್ಲಿ ಲಾ ಓದಿ, ಸನದು ಪಡೆದು, ಗದಗಿನ ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರ ಬಳಿ ಜ್ಯೂನಿಯರ್ ಆಗಿದ್ದಳು. ಮದುವೆಯಾಗಿ ಯೂನಿಯನ್ ಸಿಟಿಗೆ ಬಂದ ಮೇಲೆ ಕರಿಕೋಟು ಸೂಟ್‌ಕೇಸಿನಲ್ಲೇ ಉಳಿಯಿತು. ಗಂಡ ಶಿವರಾಜ ಮೆನ್ಲೋ ಪಾರ್ಕಿನಲ್ಲಿ ಇಂಜಿನಿಯರು. ಮಗಳು ಸ್ನೇಹಲ್ ಹೈಸ್ಕೂಲಿಗೆ ಬಂದಾಗ ಭುವನೇಶ್ವರಿ ಸ್ಯಾನ್ ಹೊಸೆಯ ಒಂದು ಸಣ್ಣ ಲಾ ಆಫೀಸಿನಲ್ಲಿ ಕಾಗದಪತ್ರ ಸಿದ್ಧಪಡಿಸುವ ಕೆಲಸ ಹಿಡಿದಳು. ಲೈಸೆನ್ಸ್ ತಂದರೆ ವಕೀಲಳಾಗಿಯೇ ಕೂರಿಸಿಕೊಳ್ಳುತ್ತೇನೆ ಎಂದು ಆಫೀಸಿನ ಒಡತಿ ಲಿಂಡಾ ಮಾತು ಕೊಟ್ಟಳು.

ಲೈಸೆನ್ಸಿಗೆ ಭುವನೇಶ್ವರಿಯ ಮುಂದೆ ಮೂರು ದಾರಿಗಳಿದ್ದವು. ಮತ್ತೆ ಕಾಲೇಜು ಸೇರಿ ಎಲ್‌ಎಲ್‌ಎಂ ಮಾಡುವುದು, ಲಿಂಡಾಳ ಆಫೀಸಿನಲ್ಲೇ ನಾಲ್ಕು ವರ್ಷ ಅವಳ ಶಿಷ್ಯೆಯಾಗಿ ಕಲಿಯುವುದು, ಇಲ್ಲವೇ ಊರಿನ ಸನದನ್ನೇ ಆಧಾರವಾಗಿಟ್ಟು ನೇರ ಪರೀಕ್ಷೆಗೆ ಕೂರುವುದು. ಕಾಲೇಜಿನ ಫೀಸು ಕೈಗೆಟುಕುವಂತಿರಲಿಲ್ಲ. ನಾಲ್ಕು ವರ್ಷ ಶಿಷ್ಯೆಯಾಗಿರಲು ವಯಸ್ಸು ಮೀರಿತೆನಿಸಿತು. ನಲವತ್ತೇಳನೆಯ ವಯಸ್ಸಿನಲ್ಲಿ ಪರೀಕ್ಷೆಗೆ ಕೂತಳು, ಫೇಲಾದಳು, ಮತ್ತೆ ಕೂತು ಪಾಸಾದಳು. ಬಾಸ್ಟನ್ನಿನಲ್ಲಿ ಓದುತ್ತಿದ್ದ ಮಗಳಿಗೆ ಫೋನ್ ಮಾಡಿದರೆ, ‘ಸೋ ಪ್ರೌಡ್ ಆಫ್ ಯೂ ಅಮ್ಮಾ, ಕ್ಲಾಸಲ್ಲಿದೀನಿ, ಕ್ಯಾನ್ ಐ ಕಾಲ್ ಯೂ ಲೇಟರ್?’ ಅಂದಳು. ಆ ಸಂಜೆ ಭುವನೇಶ್ವರಿ ಗೋಧಿ ಹುಗ್ಗಿ ಮಾಡಿ, ಒಂದು ಬಟ್ಟಲು ತಿಂದು, ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟಳು. ಹುಗ್ಗಿಯನ್ನು ಒಬ್ಬರಿಗೆಂದು ಮಾಡುವ ಅಳತೆ ಅವಳಿಗೆ ಇನ್ನೂ ಗೊತ್ತಾಗಿರಲಿಲ್ಲ.

ಶಿವರಾಜ ಎಲ್ಲಿ ಹೋದ ಎನ್ನುತ್ತೀರಾ? ಮೂರು ವರ್ಷದ ಹಿಂದೆ ಟೆಕ್ಸಸ್ಸಿನ ಆಸ್ಟಿನ್ನಿಗೆ ಹೋದ, ಅಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದ, ಡೈವೋರ್ಸೂ ಆಯಿತು. ಕೇಳಿದವರಿಗೆಲ್ಲ ಭುವನೇಶ್ವರಿ, ‘ಪ್ರಾಜೆಕ್ಟ್ ಮ್ಯಾಲ ಹೋಗ್ಯಾರ್ರಿ’ ಎಂದಳು. ಆದರೆ ಸುಳ್ಳನ್ನು ಒಂದು ಸಲ ಹೇಳಿ ಕೈತೊಳೆದುಕೊಳ್ಳಲಾಗುವುದಿಲ್ಲ. ಯುಗಾದಿಗೆ ಕೆಲಸ ಜಾಸ್ತಿ, ದೀಪಾವಳಿಗೆ ಟಿಕೆಟ್ಟು ಸಿಗಲಿಲ್ಲ ಎಂದು ಅದನ್ನು ಸಾಕುತ್ತಲೇ ಇರಬೇಕು. ಸಾಕಿ ಸಾಕಿ ಸುಸ್ತಾಗಿ, ಅವಳು ಜನರಿರುವ ಕಡೆ ಹೋಗುವುದನ್ನೇ ಕಡಿಮೆ ಮಾಡಿದಳು. ನಾವೂ ಏಕೆ ಬರಲಿಲ್ಲವೆಂದು ಕೇಳುವುದನ್ನು ಕಡಿಮೆ ಮಾಡಿದೆವು.

ಪರೀಕ್ಷೆ ಪಾಸಾದರೆ ಮುಗಿಯಲಿಲ್ಲ. ವಕೀಲಳಾಗುವವಳ ನಡತೆಯನ್ನೂ ಇಲ್ಲಿ ವಿಚಾರಿಸುತ್ತಾರೆ. ಅದರ ಅರ್ಜಿಯಲ್ಲಿ, ಬಂಧುಗಳೂ ಕೆಲಸ ಕೊಟ್ಟವರೂ ಅಲ್ಲದ, ವರ್ಷಗಳಿಂದ ತನ್ನನ್ನು ಚೆನ್ನಾಗಿ ಬಲ್ಲವರ ಹೆಸರು ಕೊಡಬೇಕು. ಡೈವೋರ್ಸಿನ ವಿವರವನ್ನು ಅವಳು ಅರ್ಜಿಯಲ್ಲಿ ಚಾಚೂ ತಪ್ಪದೆ ಬರೆದಳು. ಬಲ್ಲವರ ಹೆಸರಿಗೆ ಬಂದು ನಿಂತಳು. ಲೈಬ್ರರಿಯಲ್ಲಿ ಜೊತೆಗೆ ಕೂತು ಓದುತ್ತಿದ್ದ ಫಿಲಿಪಿನೋ ಗೆಳತಿ ಒಪ್ಪಿದಳು, ಪಕ್ಕದ ಮನೆಯ ಮುದುಕ ಒಪ್ಪಿದ. ಇನ್ನೊಬ್ಬರು ಬೇಕಿತ್ತು.

ನಮ್ಮ ಗುಂಪಿನ ಗುರುಪ್ರಸಾದನಿಗೆ ಫೋನ್ ಮಾಡಿದಳು. ಅವನ ಮನೆಯ ಮೂರು ಕಾಗದಗಳಿಗೆ ಅವಳು ದಾರಿ ತೋರಿಸಿದ್ದಳು. ‘ಅಯ್ಯೋ ಮೇಡಂ, ನನ್ ಗ್ರೀನ್‌ಕಾರ್ಡು ಪ್ರಾಸೆಸ್ಸಲ್ಲಿದೆ. ಗವರ್ನಮೆಂಟು ಪೇಪರಲ್ಲಿ ಹೆಸರು ಅಂದ್ರೆ ಸುಮ್ನೆ ರಿಸ್ಕು’ ಎಂದ. ಯಾರದೋ ನಡತೆಗೆ ಸಾಕ್ಷಿ ಹೇಳಿದರೆ ಗ್ರೀನ್‌ಕಾರ್ಡು ಹೋಗುತ್ತದೆಂದು ನಂಬುವ ಇಂಜಿನಿಯರುಗಳು ನಮ್ಮಲ್ಲೇ ಇರಬೇಕು.

ಆಮೇಲೆ ನೆನಪಾದವಳು ಮಗಳ ಓರಗೆಯ ಹುಡುಗ ಅನುರಾಗನ ಅಮ್ಮ. ಮಕ್ಕಳಿಬ್ಬರೂ ಚಿಕ್ಕವರಿದ್ದಾಗಿಂದ ಭಾನುವಾರದ ಕನ್ನಡ ಕ್ಲಾಸಿಗೆ, ಈಜಿಗೆ ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ಮೈಸೂರಿನ ಕಡೆಯವಳು, ಫ್ರೀಮಾಂಟಿನಲ್ಲಿ ಮನೆ. ಫೋನಿನಲ್ಲಿ ಕೇಳಿದ ಕೂಡಲೇ, ‘ಅಷ್ಟೇ ತಾನೆ? ಹಾಕ್ಕೊಳ್ಳಿ’ ಎಂದಳು. ಭುವನೇಶ್ವರಿ ಖುಷಿಯಿಂದ ಅರ್ಜಿ ತೆರೆದು ಕೂತರೆ, ಹೆಸರೇ ಗೊತ್ತಿಲ್ಲ. ಫೋನಿನಲ್ಲಿ ಇದ್ದದ್ದು ‘ಅನುರಾಗ್ ಅಮ್ಮ’ ಎಂದು ಮಾತ್ರ.

ಶನಿವಾರ ಲ್ಯಾಪ್‌ಟಾಪು ಹಿಡಿದು ಅವಳ ಮನೆಗೇ ಹೋದಳು. ಕಾಫಿ ಬಂತು.

‘ನಿಮ್ಮ ಹೆಸರು ಹೆಂಗ ಬರೀಲ್ರಿ?’ ಎಂದು ನಾಚಿಕೊಂಡೇ ಕೇಳಿದಳು.

‘ವಸುಧಾ ಅಂತ. ನೋಡಿ, ನನಗೂ ನಿಮ್ಮ ಹೆಸರು ಗೊತ್ತಿಲ್ಲ. ಸ್ನೇಹಲ್ ಅಮ್ಮ ಅಂತಲೇ ಅಭ್ಯಾಸ ಆಗ್ಬಿಟ್ಟಿದೆ.’

‘ಭುವನೇಶ್ವರಿ.’

ಇಬ್ಬರೂ ನಗಬೇಕಿತ್ತು, ನಗಲಿಲ್ಲ. ವಸುಧಾ ಕಪ್ಪು ಕೆಳಗಿಟ್ಟಳು. ‘ಲೈಸೆನ್ಸಿನವರು ನನ್ನನ್ನ ಏನು ಕೇಳ್ತಾರೆ?’

‘ಈಕಿ ಪ್ರಾಮಾಣಿಕ ಇದ್ದಾಳೇನು, ಖರೇ ಮಾತಾಡ್ತಾಳೇನು ಅಂತ.’

‘ಶಿವರಾಜ್ ಅವರು ಈ ಸಲಾನೂ ಬರ್ಲಿಲ್ವಾ?’

‘ಇಲ್ರೀ, ಪ್ರಾಜೆಕ್ಟ್ ಇನ್ನೂ…’ ಎಂದು ಬಾಯಿ ತಾನಾಗಿಯೇ ಶುರುಮಾಡಿತು.

‘ಆಸ್ಟಿನ್ನಲ್ಲಿ ನನ್ನ ತಂಗಿ ಇದಾಳೆ’ ಎಂದಳು ವಸುಧಾ, ದನಿ ಏರಿಸದೆ. ‘ಮೊದಲ್ನೇ ವರ್ಷವೇ ಗೊತ್ತಾಯ್ತು. ಎಲ್ಲರಿಗೂ ಗೊತ್ತು. ನೀವು ಹೇಳ್ಲಿಲ್ಲ ಅಂತ ನಾವು ಕೇಳ್ಲಿಲ್ಲ. ಆದ್ರೆ ಈಗ ಲೈಸೆನ್ಸಿನವರು ಕೇಳಿದ್ರೆ ನಾನೇನು ಹೇಳ್ಲಿ?’

ಯಾರೂ ನಂಬದ ಸುಳ್ಳಿಗಾಗಿ ಭುವನೇಶ್ವರಿ ಮೂರು ವರ್ಷ ಒಬ್ಬಳೇ ಕೂತಿದ್ದಳು. ಪರಿಚಯವಿಲ್ಲದ ಸರ್ಕಾರಕ್ಕೆ ಬರೆದುಕೊಟ್ಟದ್ದನ್ನು ಎದುರಿಗೆ ಕೂತವಳಿಗೆ ಹೇಳಿರಲಿಲ್ಲ. ಲ್ಯಾಪ್‌ಟಾಪು ಮುಚ್ಚಿ ಎದ್ದುಹೋಗಬೇಕೆನಿಸಿತು. ಹೋದರೆ ವಕೀಲಿಕೆಯೂ ಹೋಗುತ್ತದೆ.

‘ನನ್ನ ಬಿಟ್ಟು ಹೋಗ್ಯಾರ’ ಎಂದಳು. ಆ ಮಾತು ಕನ್ನಡದಲ್ಲಿ ಹೇಗೆ ಕೇಳಿಸುತ್ತದೆಂದು ಅವಳಿಗೇ ಮೊದಲ ಸಲ ಗೊತ್ತಾಯಿತು. ಅಳು ಬಂತು, ತಡೆದುಕೊಳ್ಳಲು ಹೋಗಲಿಲ್ಲ.

ವಸುಧಾ ಎದ್ದು ಬಂದು ಪಕ್ಕದಲ್ಲಿ ಕೂತಳು. ಅಳು ನಿಂತ ಮೇಲೆ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡು ತನ್ನ ಹೆಸರನ್ನು ತಾನೇ ಟೈಪ್ ಮಾಡಿದಳು. ವಿಳಾಸ, ಫೋನ್ ನಂಬರು ತುಂಬಿದಳು. ಮುಂದಿನ ಸಾಲಿನಲ್ಲಿ ಬೆರಳು ನಿಂತಿತು.

‘ಎಷ್ಟು ವರ್ಷದಿಂದ ಬಲ್ಲವರು ಅಂತ ಕೇಳ್ತಿದೆ. ಹದಿನಾಲ್ಕು ಅಂತ ಹಾಕ್ಲಾ?’

‘ಹೆಸರು ಗೊತ್ತಾಗಿದ್ದು ಇವತ್ತಲ್ರಿ’ ಎಂದಳು ಭುವನೇಶ್ವರಿ.