ಮೂರನೇ ಸಿಲಿಂಡರಿಗೆ ಪೆಟ್ರೋಲ್ ಸಾಲಲಿಲ್ಲ

ಎರಡು ವರ್ಷವಾಯಿತು. ಈಗಲೂ ಆ ಬೆಳಿಗ್ಗೆ ನೆನಪಾದರೆ ಹಲ್ಲು ಕಚ್ಚಿಕೊಳ್ಳುತ್ತೇನೆ.

ಕೊಳ್ಳೇಗಾಲದಲ್ಲಿ ನಮ್ಮದೊಂದು ಗ್ಯಾರೇಜಿದೆ, ಅಪ್ಪ ಶುರು ಮಾಡಿದ್ದು. ಮುಂದುಗಡೆ ಇಂಜಿನ್ ಇಳಿಸುವುದು, ಏರಿಸುವುದು, ಗಿರಾಕಿಗಳ ಜೊತೆ ಮಾತಾಡುವುದು ಅಣ್ಣನ ಕೆಲಸ. ಹಿಂದಿನ ಕೋಣೆಯಲ್ಲಿ ಇಂಜೆಕ್ಟರ್ ಟೆಸ್ಟ್ ಮಾಡುವ ಮಷೀನಿದೆ, ಅದು ನನ್ನದು. ಇಂಜೆಕ್ಟರ್ ಅಂದರೆ ಒಂದೊಂದು ಸಿಲಿಂಡರಿಗೂ ಪೆಟ್ರೋಲನ್ನು ಮಂಜಿನ ಹಾಗೆ ಚಿಮುಕಿಸುವ ಬೆರಳುದ್ದದ ಸಾಮಾನು. ಒಂದು ಗಾಡಿಯ ನಾಲ್ಕನ್ನೂ ಮಷೀನಿಗೆ ಸಿಕ್ಕಿಸಿ ಓಡಿಸಿದರೆ ಕೆಳಗಿನ ನಾಲ್ಕು ಗಾಜಿನ ಕೊಳವೆಗಳಲ್ಲಿ ಎಣ್ಣೆ ಏರುತ್ತದೆ. ಯಾವುದು ಎಷ್ಟು ಕೊಡುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಡಿಪ್ಲೊಮಾ ಮುಗಿಸಿ ಬಂದ ವರ್ಷ ಅಪ್ಪ ನನ್ನನ್ನು ಆ ಮಷೀನಿನ ಮುಂದೆ ಕೂರಿಸಿದರು. ಅವರು ತೀರಿಹೋದ ಮೇಲೂ ಅಲ್ಲೇ ಕೂತಿದ್ದೇನೆ. ಇಷ್ಟು ವರ್ಷವಾದರೂ ಆ ಕೋಣೆಗೆ ಬರುವ ಗಿರಾಕಿ ನನ್ನ ಮುಖ ನೋಡಿಕೊಂಡೇ "ಯಾರೂ ಇಲ್ವೇನಮ್ಮ?" ಅಂತ ಕೇಳುತ್ತಾನೆ.

ಅಣ್ಣನ ಜೊತೆ ಓದಿದ ಗೆಳೆಯನೊಬ್ಬ ರಾಮಾಪುರದಲ್ಲಿದ್ದಾನೆ. ಬೋರ್‌ವೆಲ್ ಲಾರಿ ಇಟ್ಟುಕೊಂಡು ಅನುಕೂಲವಾಗಿದ್ದವನು. ಅವನ ಹತ್ತಿರ ಒಂದು ಹಳೆಯ ಪೆಟ್ರೋಲ್ ಕಾರಿತ್ತು. ಮೊಬೈಲಿನಲ್ಲಿ ಅದ್ಯಾವುದೋ ದೇಶದವರ ವೀಡಿಯೊ ನೋಡಿ ನೋಡಿ ಅದಕ್ಕೆ ಟರ್ಬೊ ಹಾಕಿಸಬೇಕು ಅಂತ ಹಿಡಿದ. ಟರ್ಬೊ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಾದರೆ ಪೆಟ್ರೋಲೂ ಹೆಚ್ಚಬೇಕು, ಕಾರಿನ ಜೊತೆ ಬಂದ ಇಂಜೆಕ್ಟರ್ ಸಾಲುವುದಿಲ್ಲ. ಅಣ್ಣ ಅವನನ್ನು ನನ್ನ ಕೋಣೆಗೆ ಕರೆದುಕೊಂಡು ಬಂದ.

"ಎಷ್ಟು ಪವರ್ ಬೇಕಣ್ಣ ನಿಂಗೆ?" ಅಂತ ಗೆಳೆಯನನ್ನು ಕೇಳಿದೆ.

"ನೂರೈವತ್ತು ಎಚ್‌ಪಿ ಬಂದ್ರೆ ಸಾಕು ಕಣ್ ಕೂಸು."

ಬೇರಿಂಗ್ ಡಬ್ಬಿಯ ಹಿಂದೆ ಲೆಕ್ಕ ಹಾಕಿ ತೋರಿಸಿದೆ. ಅಷ್ಟು ಪವರ್‌ಗೆ ಎಷ್ಟು ಪೆಟ್ರೋಲ್, ಅದನ್ನು ನಾಲ್ಕಕ್ಕೆ ಹಂಚಿದರೆ ಒಂದಕ್ಕೆಷ್ಟು. ಎಷ್ಟೇ ತುಳಿದರೂ ಇಂಜೆಕ್ಟರ್ ಪೂರ್ತಿ ಹೊತ್ತು ಬಾಯಿ ತೆರೆದೇ ಇರಬಾರದು, ಐದರಲ್ಲೊಂದು ಪಾಲು ಬಿಡುವು ಇರಬೇಕು. ಅದನ್ನೂ ಸೇರಿಸಿದೆ. "ನಿಮಿಷಕ್ಕೆ ಮುನ್ನೂರು ಸಿಸಿ ಕೊಡೋದು ಸಾಕು. ಮುನ್ನೂರೈವತ್ತರ ಮೇಲೆ ಬ್ಯಾಡ. ನಾಲ್ಕೂ ಒಂದೇ ಸಮ ಇರ್ಬೇಕು, ಅದೇ ಮುಖ್ಯ," ಅಂದೆ. ಅವನು ತಲೆ ಆಡಿಸಿದ. ನನಗಲ್ಲ, ಅಣ್ಣನಿಗೆ.

ವಾರ ಕಳೆದು ಒಂದು ಪೊಟ್ಟಣ ಹಿಡಿದುಕೊಂಡು ಬಂದ. ಆನ್‌ಲೈನಿನಲ್ಲಿ ತರಿಸಿದ್ದಂತೆ. ಮೇಲೆ ಕಂಪನಿಯ ಹೆಸರಿಲ್ಲ. ಏಳುನೂರೈವತ್ತು ಅಂತ ಮಾತ್ರ ಬರೆದಿತ್ತು. ನಾನು ಹೇಳಿದ್ದರ ಎರಡರಷ್ಟಕ್ಕಿಂತಲೂ ದೊಡ್ಡದು.

"ಇದ್ಯಾಕಣ್ಣ ತಂದೆ? ಇಷ್ಟು ದೊಡ್ಡದು ಸ್ವಲ್ಪವೇ ಕೊಡು ಅಂದ್ರೆ ಕೊಡಕಾಗಲ್ಲ. ಗಾಡಿ ನಿಂತ್ಕಡೆ ನಡುಗ್ತದೆ. ಎಚ್ಚಾದ್ ಪೆಟ್ರೋಲು ಸಿಲಿಂಡರ್ ಗ್ವಾಡೆಗಿರೋ ಆಯಿಲ್ನ ತೊಳ್ದಾಕ್ತದೆ."

ಅವನು ಅಣ್ಣನ ಕಡೆ ತಿರುಗಿ ನಕ್ಕ. "ನಿನ್ ತಂಗಿ ಇಂಜಿನ್‌ಗೆ ಉಪಾಸ ಆಕೋಳು ಕಣ್ಲಾ. ದೊಡ್ಡದ್ ಇರ್ಲಿ ಬುಡು, ಮುಂದಕ್ ಬೇಕಾಯ್ತದೆ."

ಅಣ್ಣನೂ ನಕ್ಕ.

ಅವತ್ತೇ ಆ ನಾಲ್ಕನ್ನೂ ಮಷೀನಿಗೆ ಹಾಕಿದೆ. ಮೂರು ಕೊಳವೆಗಳಲ್ಲಿ ಎಣ್ಣೆ ಒಟ್ಟಿಗೇ ಏರಿತು. ಒಂದರಲ್ಲಿ ಎರಡು ಬೆರಳು ಕೆಳಗೇ ನಿಂತಿತು. ಜಾಗ ಬದಲಿಸಿ ಹಾಕಿದೆ, ತೊಳೆದು ಹಾಕಿದೆ. ಎಲ್ಲಿಟ್ಟರೂ ಹಿಂದೆ ಬೀಳುತ್ತಿದ್ದುದು ಅದೊಂದೇ. ಅದನ್ನು ಬೇರೆ ಕವರಿಗೆ ಹಾಕಿ "ಹಾಕಬೇಡಿ" ಅಂತ ಬರೆದು ಅಣ್ಣನ ಕೈಗೆ ಕೊಟ್ಟೆ. "ಇದು ಕಮ್ಮಿ ಕೊಡ್ತದೆ. ವಾಪಸ್ ಕಳ್ಸಕ್ಕೇಳು," ಅಂದೆ.

"ಆಯ್ತು ಬುಡವ್ವ, ನೋಡ್ತೀನಿ," ಅಂದ.

ನೋಡಲಿಲ್ಲ. ಗೆಳೆಯನಿಗೆ ಭಾನುವಾರ ಮುಳ್ಳೂರಿನ ನೆಂಟರ ಮನೆಗೆ ಹೊಸ ಗಾಡಿಯಲ್ಲಿ ಹೋಗಿ ಇಳಿಯಬೇಕಿತ್ತು. ಬೇರೆ ಇಂಜೆಕ್ಟರ್ ಬರುವ ತನಕ ಕಾಯುವ ತಾಳ್ಮೆ ಇಬ್ಬರಿಗೂ ಇರಲಿಲ್ಲ. ಅಣ್ಣ ಕವರು ಹರಿದು ಹಾಕಿ ನಾಲ್ಕನ್ನೂ ಕೂರಿಸಿದ. ಮೈಸೂರಿನಿಂದ ಲ್ಯಾಪ್‌ಟಾಪ್ ಹಿಡಿದು ಬಂದವನೊಬ್ಬ ಪೆಟ್ರೋಲಿನ ಅಳತೆ ಹೊಂದಿಸಿದ. ಸೈಲೆನ್ಸರ್ ಪೈಪಿನಲ್ಲಿರುವ ಸೆನ್ಸರು ನಾಲ್ಕೂ ಸಿಲಿಂಡರಿನ ಹೊಗೆಯನ್ನು ಒಟ್ಟಿಗೇ ಮೂಸುತ್ತದೆ. ಮೂರಕ್ಕೆ ಹೆಚ್ಚಾಗಿ ಒಂದಕ್ಕೆ ಕಡಿಮೆಯಾದರೆ ಅದಕ್ಕೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅವನ ಸ್ಕ್ರೀನಿನಲ್ಲೂ ಸರಿಯಾಗಿಯೇ ಕಂಡಿತು. ಇಂಜೆಕ್ಟರ್ ಬದಲಾಗಿಲ್ಲ ಎಂಬುದು ನನಗೆ ಗೊತ್ತಾದದ್ದು ಗಾಡಿ ಗೇಟು ದಾಟಿ, ಕೆಟ್ಟು ವಾಪಸ್ ಬಂದ ಮೇಲೆ.

ಹತ್ತು ದಿನ ಓಡಿತು. ಹನೂರು ದಾಟಿ ಲೊಕ್ಕನಹಳ್ಳಿ ರಸ್ತೆಯ ಏರಿನಲ್ಲಿ ಪೂರ್ತಿ ತುಳಿದಾಗ ಒಮ್ಮೆ ಕಟಕಟ ಸದ್ದು ಬಂದು, ನೀಲಿ ಹೊಗೆ ಎದ್ದು ನಿಂತುಹೋಯಿತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಅಣ್ಣ ಇಂಜಿನ್ ಬಿಚ್ಚಿ ಪಿಸ್ಟನ್ ಹೊರಗೆ ತೆಗೆದ. ಮೂರನೇ ಪಿಸ್ಟನ್ನಿನ ಒಂದು ಅಂಚು ಬೆಲ್ಲದಂತೆ ಕರಗಿ ತೂತು ಬಿದ್ದಿತ್ತು.

ಮಾರನೆಯ ಬೆಳಿಗ್ಗೆ ಗೆಳೆಯ ಬಂದ. ಗ್ಯಾರೇಜಿನಲ್ಲಿ ಏಳೆಂಟು ಜನ ಇದ್ದರು. ತೂತು ಬಿದ್ದ ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ: "ನಿನ್ ತಂಗಿ ಮುಟ್ಟಿದ್ದೇ ತಪ್ಪಾಯ್ತು ಕಣ್ಲಾ. ವಸಾ ಇಂಜೆಕ್ಟ್ರುನ ಮಷೀನ್‌ಗಾಕಿ ಕೆಡಿಸಿಬುಟ್ಳು. ಎಣ್‌ಮಕ್ಳ ಕೈಗೆ ಇಂತಾ ಕೆಲ್ಸ ಕೊಟ್ರೆ ಇನ್ನೇನಾದದು?"

ನಾನು ಬಾಗಿಲಲ್ಲಿ ನಿಂತಿದ್ದೆ. ಅಣ್ಣನ ಮುಖ ನೋಡಿದೆ. ಅವನು ಬಟ್ಟೆಯಲ್ಲಿ ಸ್ಪ್ಯಾನರ್ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ.

ಗೆಳೆಯನ ಮಾತಿಗೆ ಬಂದ ಸಿಟ್ಟು ಅಷ್ಟೇನೂ ಅಲ್ಲ, ಅಂಥ ಮಾತು ಎಷ್ಟೋ ಕೇಳಿದ್ದೇನೆ. ಆ ಬಟ್ಟೆ, ಆ ಒರೆಸುವಿಕೆ ನನ್ನ ನೆತ್ತಿಗೇರಿತು. ಬೆಂಚಿನ ಮೇಲೆ ನಾಲ್ಕೂ ಇಂಜೆಕ್ಟರು ಕೂತಿದ್ದ ಪೈಪು ಹಾಗೆಯೇ ಇತ್ತು, ಒಂದರಿಂದ ನಾಲ್ಕರವರೆಗೆ ಸಾಲಾಗಿ. ಅದನ್ನು ಎತ್ತಿಕೊಂಡೆ.

"ಈಗ ಬ್ಯಾಡ ಕಣವ್ವ, ಜನ ಅವ್ರೆ," ಅಂದ ಅಣ್ಣ ಮೆಲ್ಲಗೆ.

"ಜನ ಇರಾಗ್ಲೇ ಆಗ್ಬೇಕು. ಬನ್ನಿ ಎಲ್ಲಾರೂವೆ ಒಳಕ್ಕೆ. ನೀನೂ ಬಾರಣ್ಣ, ಆ ಪಿಸ್ಟನ್ ತಕಂಡೇ ಬಾ."

ಕೋಣೆ ತುಂಬಿತು. ಎಲ್ಲರ ಎದುರಿಗೆ ಒಂದೊಂದನ್ನೇ ಬಿಚ್ಚಿ ಮಾರ್ಕರಿನಲ್ಲಿ ನಂಬರ್ ಬರೆದೆ. ಮೂರು ಅಂತ ಬರೆದದ್ದು ಸೊಟ್ಟಗಾಯಿತು. ಮಷೀನ್ ಹಾಕಿದೆ. ಒಂದು, ಎರಡು, ನಾಲ್ಕು ಏರಿದವು. ಮೂರು ಕೆಳಗೇ ನಿಂತಿತು. ಮತ್ತೆ ಓಡಿಸಿದೆ. ಅದೇ.

"ಕಮ್ಮಿ ಬಂದಿರೋದು ಯಾವ್ದಣ್ಣ?"

ಗೆಳೆಯ ಬಗ್ಗಿ ನೋಡಿದ. "ಮೂರು."

"ತೂತಾಗಿರೋ ಪಿಸ್ಟನ್ನು?"

ಹಿಂದಿನಿಂದ ಯಾರೋ "ಮೂರೇ ಅಲ್ವಾ" ಅಂದರು.

"ಗಾಳಿ ಬೇಕಾದಂಗ್ ಬಂತು, ಪೆಟ್ರೋಲ್ ಸಾಲ್ನಿಲ್ಲ. ಪೆಟ್ರೋಲ್ ಬಿದ್ರೇ ಕಾವು ಇಳಿಯೋದು, ಅದಿಲ್ದೆ ಬೆಂಕಿ ಎಚ್ಚಾಗಿ ಕರ್ಗೋಯ್ತು. ನಾ ಕೆಡಿಸಿದ್ದಲ್ಲ, ಬಂದಾಗ್ಲೇ ಇಂಗಿತ್ತು."

"ಅಂಗಾದ್ರೆ ಮೊದ್ಲೇ ಏಳ್ಬೇಕಿತ್ತು," ಅಂದ ಅವನು.

ನನ್ನ ದನಿ ಬೀದಿಗೆ ಕೇಳಿಸಿತಂತೆ, ಪಕ್ಕದ ಪಂಚರ್ ಅಂಗಡಿಯವರು ಆಮೇಲೆ ಹೇಳಿದರು. "ನಾ ಏಳಿರ್ನಿಲ್ವಾ? ಅಣ್ಣಾ, ನೀನೇ ಏಳು! ಏಳಿರ್ನಿಲ್ವಾ ನಾನು?"

ಅಣ್ಣ ನೆಲ ನೋಡಿಕೊಂಡು "ಏಳಿದ್ಲು" ಅಂದ. ಮುಂದೆ ನಿಂತಿದ್ದ ಇಬ್ಬರು ಮೂವರಿಗಷ್ಟೇ ಕೇಳಿಸಿತು.

ಆಮೇಲೆ ನಾಲ್ಕು ದಿನ ಅಣ್ಣನ ಜೊತೆ ಮಾತು ಬಿಟ್ಟೆ. ಊಟಕ್ಕೆ ಮನೆಗೆ ಬೇರೆ ಬೇರೆ ಹೋದೆವು. ಆ ನಾಲ್ಕು ದಿನದಲ್ಲಿ ನನ್ನ ಮೇಲೂ ಸಿಟ್ಟು ಬಂತು. ಕವರಿನ ಮೇಲೆ ಬರೆದು, ಒಂದೇ ಸಲ ಮೆತ್ತಗೆ ಹೇಳಿ, ಒಳಗೆ ಹೋಗಿ ಕೂತಿದ್ದೆ. ಅದು ಗಾಡಿಗೆ ಹೋಯಿತೋ ಇಲ್ಲವೋ ಎದ್ದು ಬಂದು ನೋಡಲಿಲ್ಲ. ಆ ಕೋಣೆಯಲ್ಲಿ ಕೂತು ಕೂತು ಮೆತ್ತಗೆ ಮಾತಾಡುವುದೇ ಅಭ್ಯಾಸವಾಗಿಬಿಟ್ಟಿತ್ತು.

ಐದನೆಯ ದಿನ ಗೆಳೆಯ ಬಂದು ಬಾಗಿಲಾಚೆಯೇ ನಿಂತ. "ಯಾವ್ದು ಆಕ್ಬೇಕು ನೀನೇ ನೋಡಿ ಏಳವ್ವ," ಅಂದ. ತಪ್ಪಾಯಿತು ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ನಾನು ಷರತ್ತು ಹಾಕಿದೆ: ನಾನು ಆರಿಸಿದ್ದೇ ಹಾಕಬೇಕು, ನಾಲ್ಕನ್ನೂ ನಾನೇ ಕೂರಿಸಬೇಕು. ಕೊಯಮತ್ತೂರಿನಿಂದ ಮುನ್ನೂರಮೂವತ್ತು ಸಿಸಿಯ ಎಂಟು ತರಿಸಿ, ಎಂಟನ್ನೂ ಓಡಿಸಿ, ಸರಿಸಮ ಬಂದ ನಾಲ್ಕನ್ನು ಇಟ್ಟುಕೊಂಡು ಉಳಿದವನ್ನು ವಾಪಸ್ ಕಳಿಸಿದೆ. ಹೊಸ ಪಿಸ್ಟನ್ ಹಾಕಿ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಇಂಜಿನ್ ನಡುಗದೆ ಓಡಿತು. ಗಾಡಿ ಈಗಲೂ ಓಡುತ್ತಿದೆ. ಅವನು ಮೊಬೈಲಿನಲ್ಲಿ ಹಾಕಿದ ವೀಡಿಯೊದಲ್ಲಿ "ಎಲ್ಲಾ ನಮ್ ದೋಸ್ತ್ ಕೈಚಳಕ" ಅಂತ ಅಣ್ಣನ ಹೆಗಲ ಮೇಲೆ ಕೈ ಹಾಕಿದ್ದಾನೆ. ಹಿಂದೆ ನನ್ನ ಮೊಣಕೈ ಕಾಣುತ್ತದೆ.

ಹೋದ ತಿಂಗಳು ಯಳಂದೂರಿನಿಂದ ಒಬ್ಬರು ಆ ವೀಡಿಯೊ ನೋಡಿ ಬಂದರು. "ಟರ್ಬೊ ಗಾಡಿಗೆ ಇಂಜೆಕ್ಟ್ರು ನೋಡ್ಕೊಡೋರು ನೀವೇ ಅಲ್ವಾ ಸಾ?" ಅಂತ ಅಣ್ಣನನ್ನು ಕೇಳಿದ್ದು ನನಗೆ ಒಳಗೆ ಕೇಳಿಸಿತು. ಅಣ್ಣ ಸ್ಪ್ಯಾನರ್ ಕೆಳಗಿಟ್ಟ ಸದ್ದಾಯಿತು. ಆಮೇಲೆ, "ನಾನಲ್ಲ ಸಾ, ನನ್ ತಂಗಿ. ಒಳಗವ್ಳೆ, ಓಗಿ," ಅಂದ.

ಆ ಮಾತು ಕೇಳಿ ನನ್ನ ಸಿಟ್ಟು ಇಳಿಯಿತು ಅಂದರೆ ಸುಳ್ಳಾಗುತ್ತದೆ. ಅಂಗಡಿ ತುಂಬ ಜನವಿದ್ದ ಆ ಬೆಳಿಗ್ಗೆ ಆ ಮಾತು ಬೇಕಿತ್ತು. ಈಗ ಇದ್ದದ್ದು ಯಳಂದೂರಿನವರೊಬ್ಬರೇ. ಅವರು ಒಳಗೆ ಬಂದರು. ಕುರ್ಚಿ ತೋರಿಸಿ, ಇಂಜಿನ್ ಎಷ್ಟು ಸಿಸಿಯದು ಅಂತ ಕೇಳಿದೆ.